ಹಳೆ ಬೆಳ್ಳಿ ರೂಪಾಯಿ: ಕೊಳೆ ಯಾವುದು, ಕಪ್ಪು ಯಾವುದು?



ಇವತ್ತು ನಾನು ಹೇಳೋದು ಒಂದು ರೂಪಾಯಿಯ ವಿಷಯ. ಈಗಿನ ರೂಪಾಯಿ ಅಲ್ಲ, ಹಳೆ ಬೆಳ್ಳಿ ರೂಪಾಯಿ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಎಷ್ಟೋ ಮನೆಗಳಲ್ಲಿ ಇವು ಇವೆ. ಟ್ರಂಕಿನ ತಳದಲ್ಲಿ, ದೇವರ ಜಗಲಿಯ ಮೇಲೆ, ಹಳೆ ಸೀರೆಯ ಗಂಟಿನೊಳಗೆ ಎರಡೋ ನಾಲ್ಕೋ ಇರುತ್ತವೆ. ರಾಣಿ ಛಾಪಿನ ರೂಪಾಯಿ ಅಂತೀವಿ, ಕಲದಾರ ರೂಪಾಯಿ ಅಂತೀವಿ. ಅಜ್ಜಿ ಸೊಸೆಗೆ ಕೊಟ್ಟದ್ದು, ಸೊಸೆ ಮಗಳಿಗೆ ಕೊಡಬೇಕು ಅಂತ ಇಟ್ಟದ್ದು. ಬ್ಯಾಂಕು ಇಲ್ಲದ ಕಾಲದಲ್ಲಿ ಹೆಣ್ಣುಮಕ್ಕಳ ಬ್ಯಾಂಕು ಅಂದ್ರ ಇದೇ ಆಗಿತ್ತು.

ದೀಪಾವಳಿ ಬಂತು ಅಂದ್ರ ಈ ರೂಪಾಯಿಗಳನ್ನು ಹೊರಗೆ ತೆಗೀತೀವಿ. ಕಪ್ಪಾಗಿವೆ ಅಂತ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ಗಸಗಸ ತಿಕ್ಕುತ್ತೇವೆ. ಬೆಳ್ಳಗೆ ಹೊಳೆಯುತ್ತದೆ, ಮನಸ್ಸಿಗೆ ಸಂತೋಷ ಆಗುತ್ತದೆ. ಆದರೆ ಆ ತಿಕ್ಕಾಟದಲ್ಲಿ ಹೋಗುವುದು ಬರೇ ಕೊಳೆ ಅಲ್ಲ. ಬೆಳ್ಳಿಯೂ ಹೋಗುತ್ತದೆ. ಬೆಳ್ಳಿಯ ಜೊತೆ ಅಕ್ಷರ ಹೋಗುತ್ತದೆ. ಅಕ್ಷರದ ಜೊತೆ ಬೆಲೆ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ಅದಕ್ಕೇ ಒಂದೇ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ನಾಣ್ಯದ ಮೇಲೆ ಬಂದು ಕೂತದ್ದು ಕೊಳೆ. ಅದನ್ನು ತೆಗೆಯಬಹುದು. ನಾಣ್ಯದ ಬೆಳ್ಳಿಯೇ ಬದಲಾಗಿ ಆದದ್ದು ಕಪ್ಪು. ಅದನ್ನು ಹಾಗೇ ಬಿಡಬೇಕು. ಈ ಎರಡರ ನಡುವಿನ ಭೇದ ತಿಳಿದರೆ ಸಾಕು, ಅರ್ಧ ಕೆಲಸ ಆದಂತೆ.

ಮೊದಲು ನಾಣ್ಯವನ್ನು ಓದಿರಿ

ನೀವೀಗ ಅಕ್ಷರ ಕಲಿತವರು, ಅಂಕಿ ಕಲಿತವರು. ತೊಳೆಯುವ ಮುಂಚೆ ನಾಣ್ಯವನ್ನು ಓದಿರಿ. ಹಗಲು ಬೆಳಕಿನಲ್ಲಿ, ಬಿಳಿ ಬಟ್ಟೆ ಹಾಸಿ, ಅದರ ಮೇಲೆ ನಾಣ್ಯ ಇಡಿರಿ. ಬಟ್ಟೆ ಯಾಕಂದ್ರ, ಕೈಜಾರಿ ಬಿದ್ದರೂ ಪೆಟ್ಟಾಗಬಾರದು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಮುಖದ ಮೇಲೆ ಬೆರಳು ಒತ್ತಿದರೆ ಬೆವರಿನ ಉಪ್ಪು, ಎಣ್ಣೆ ಅಂಟಿ ಮುಂದೆ ಅಲ್ಲೇ ಕಲೆ ಆಗುತ್ತದೆ. ಒಂದು ಭೂತಗನ್ನಡಿ ಇದ್ದರೆ ಬಹಳ ಒಳ್ಳೇದು.

ಒಂದು ಕಡೆ ದೊರೆಯ ಮುಖ ಇರುತ್ತದೆ. ಕಿರೀಟ ಹಾಕಿದ ಹೆಣ್ಣುಮಗಳ ಮುಖ ಇದ್ದರೆ ಅದು ವಿಕ್ಟೋರಿಯಾ ರಾಣಿಯದು. 1862ರಿಂದ ಈ ಬಗೆಯ ರೂಪಾಯಿ ಬಂತು. 1877ರಿಂದ ಆಕೆಯ ಹೆಸರಿನ ಮುಂದೆ ರಾಣಿ ಎಂಬುದರ ಬದಲು ಚಕ್ರವರ್ತಿನಿ ಎಂಬ ಇಂಗ್ಲಿಷ್ ಮಾತು ಬಂತು. ತಲೆಯ ಮೇಲೆ ಕಿರೀಟ ಇಲ್ಲದ, ಗಡ್ಡದ ದೊರೆ ಇದ್ದರೆ ಏಳನೇ ಎಡ್ವರ್ಡ್. ಅವನ ರೂಪಾಯಿಗಳ ಮೇಲೆ 1903ರಿಂದ 1910ರ ತನಕ ಇಸವಿ ಇರುತ್ತದೆ. ಕಿರೀಟವೂ ಗಡ್ಡವೂ ಇದ್ದರೆ ಐದನೇ ಜಾರ್ಜ್, 1911ರಿಂದ 1936. ಕಿರೀಟ ಇದ್ದು ಗಡ್ಡ ಇಲ್ಲದಿದ್ದರೆ ಆರನೇ ಜಾರ್ಜ್, 1938ರಿಂದ ಮುಂದೆ.

ಇನ್ನೊಂದು ಕಡೆ ತಿರುಗಿಸಿದರೆ ಇಸವಿ ಕಾಣುತ್ತದೆ. ಆ ನಾಲ್ಕು ಅಂಕಿಯನ್ನು ಸರಿಯಾಗಿ ಓದುವುದೇ ದೊಡ್ಡ ಕೆಲಸ. ಯಾಕಂದ್ರ ಕೇಳ್ರಿ. 1939ರ ತನಕದ ಇಸವಿ ಇರುವ ರೂಪಾಯಿಯಲ್ಲಿ 12 ಪಾಲಿನಲ್ಲಿ 11 ಪಾಲು ಬೆಳ್ಳಿ, 1 ಪಾಲು ತಾಮ್ರ. ಹೊಸದಾಗಿದ್ದಾಗ ಅದರ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲೆ. ಅದರೊಳಗಿನ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. 1940ರಿಂದ 1945ರ ತನಕದ ರೂಪಾಯಿಯೂ ಅಷ್ಟೇ ತೂಕದ್ದು. ಆದರೆ ಯುದ್ಧದ ಕಾಲ ನೋಡ್ರಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅದರೊಳಗೆ 100ಕ್ಕೆ 50 ಪಾಲು ಬೆಳ್ಳಿ, 40 ಪಾಲು ತಾಮ್ರ, 5 ಪಾಲು ನಿಕ್ಕಲ್, 5 ಪಾಲು ಸತು. ಶುದ್ಧ ಬೆಳ್ಳಿ 5.83 ಗ್ರಾಂ ಮಾತ್ರ. 1947ರ ಆರನೇ ಜಾರ್ಜ್ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರಾ ನಿಕ್ಕಲ್.

ಲೆಕ್ಕ ಹಾಕಿ ನೋಡ್ರಿ. 1920ರ ಹತ್ತು ರೂಪಾಯಿಯಲ್ಲಿ ಸುಮಾರು 107 ಗ್ರಾಂ ಬೆಳ್ಳಿ. 1942ರ ಹತ್ತು ರೂಪಾಯಿಯಲ್ಲಿ ಸುಮಾರು 58 ಗ್ರಾಂ. ಇಸವಿ ಓದಲು ಬಾರದವರ ಹತ್ತಿರ ಎಲ್ಲವನ್ನೂ ಅರ್ಧ ಬೆಳ್ಳಿ ಅಂತ ಹೇಳಿ ತೂಗಿಕೊಂಡು ಹೋದರೆ ಯಾರು ಕೇಳುತ್ತಾರೆ? ಇಸವಿಯನ್ನೇ ನಾವು ತಿಕ್ಕಿ ಅಳಿಸಿಬಿಟ್ಟರೆ, ಓದಲು ಬಂದರೂ ಏನು ಪ್ರಯೋಜನ?

ನಮ್ಮ ಗಡಿಯ ಆಚೆ ಆಳಂದ, ಕಲಬುರಗಿ, ತುಳಜಾಪುರ 1948ರ ತನಕ ನಿಜಾಮರ ರಾಜ್ಯದಲ್ಲಿ ಇದ್ದವು. ಅದಕ್ಕೇ ಈ ಕಡೆ ಕೆಲವರ ಮನೆಯಲ್ಲಿ ಹಾಲಿ ಸಿಕ್ಕಾ ರೂಪಾಯಿಯೂ ಸಿಗುತ್ತದೆ. ಅದರ ಮೇಲೆ ಚಾರ್ಮಿನಾರ್ ಚಿತ್ರ ಇರುತ್ತದೆ, ಬರಹ ಪಾರ್ಸಿ ಅಕ್ಷರದ್ದು, ವರ್ಷ ಹಿಜರಿ ಲೆಕ್ಕದ್ದು. ತೂಕ ಸುಮಾರು 11.18 ಗ್ರಾಂ. ಅವುಗಳಲ್ಲಿ ಹಳೆಯವು 100ಕ್ಕೆ ಸುಮಾರು 82 ಪಾಲು ಬೆಳ್ಳಿಯವು. ತಾಮ್ರ ಹೆಚ್ಚು ಇರುವುದರಿಂದ ಇವು ಬೇಗ ಬಣ್ಣ ಕೆಡುತ್ತವೆ.

ಬೆಳ್ಳಿ ಹೌದೋ ಅಲ್ಲವೋ ಅಂತ ನೋಡಲು ಸುಲಭದ ಉಪಾಯ ಎರಡು. ಒಂದು, ಅಯಸ್ಕಾಂತ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಿಕ್ಕಲ್, ಕಬ್ಬಿಣ ಅಂಟುತ್ತವೆ. ಆದರೆ ಅಂಟದ ಲೋಹ ಬೇರೆಯೂ ಇವೆ. ಹಾಗಾಗಿ ಅಂಟಲಿಲ್ಲ ಅಂತ ಬೆಳ್ಳಿಯೇ ಎಂದು ತಿಳೀಬ್ಯಾಡ್ರಿ. ಎರಡನೆಯದು, ತೂಕ. ಪತ್ತಾರರ ಅಂಗಡಿಯ ಸಣ್ಣ ಕಾಟಾದಲ್ಲಿ ತೂಗಿಸಿರಿ. ಕೈಯಿಂದ ಕೈಗೆ ಸವೆದ ನಾಣ್ಯ 11.66 ಗ್ರಾಂಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. ಬಹಳ ಕಡಿಮೆ ಇದ್ದರೆ, ಇಲ್ಲವೆ ಹೆಚ್ಚು ಇದ್ದರೆ ಅನುಮಾನ ಪಡಬೇಕು. ಅನುಮಾನ ಬಂದರೆ ಒರೆಗಲ್ಲಿಗೆ ತಿಕ್ಕಿಸಬ್ಯಾಡ್ರಿ, ಅದರಿಂದ ಗೀರು ಬೀಳುತ್ತದೆ. ತಿಳಿದವರಿಗೆ ತೋರಿಸಿರಿ.

ಮೇಲೆ ಕಾಣುವುದು ಏನು?

ಈಗ ನಾಣ್ಯದ ಮೇಲಿನ ಬಣ್ಣ ನೋಡೋಣ. ಮನೆಯ ನಾಣ್ಯಗಳ ಮೇಲೆ ಹೆಚ್ಚಾಗಿ ಆರು ಬಗೆ ಕಾಣುತ್ತವೆ.

ಒಂದನೆಯದು, ಪೂಜೆಯ ಕೊಳೆ. ಅರಿಷಿಣ, ಕುಂಕುಮ, ಗಂಧ, ತುಪ್ಪ, ಎಣ್ಣೆ, ದೀಪದ ಮಸಿ. ಅಕ್ಷರಗಳ ಸಂದಿಯಲ್ಲಿ ಕೆಂಪಗೆ, ಹಳದಿಯಾಗಿ, ಇಲ್ಲವೆ ಅಂಟು ಕಪ್ಪಾಗಿ ಕೂತಿರುತ್ತದೆ. ಒದ್ದೆ ಬಿಳಿ ಬಟ್ಟೆಯನ್ನು ಮೆಲ್ಲಗೆ ಒತ್ತಿ ತೆಗೆದರೆ ಬಟ್ಟೆಗೆ ಬಣ್ಣ ಹತ್ತುತ್ತದೆ. ಇದು ಮೇಲೆ ಕೂತದ್ದು. ತೆಗೆಯಬಹುದು.

ಎರಡನೆಯದು, ಬೆಳ್ಳಿಯ ಕಪ್ಪು. ಗಾಳಿಯಲ್ಲಿ ಗಂಧಕ ಸೇರಿದ ಅನಿಲ ಸ್ವಲ್ಪ ಇರುತ್ತದೆ. ಗಟಾರದ ಗಾಳಿ, ಪಟಾಕಿಯ ಹೊಗೆ, ಉಣ್ಣೆಯ ಬಟ್ಟೆ, ರಬ್ಬರು, ಮೊಟ್ಟೆ, ಇವೆಲ್ಲದರಲ್ಲೂ ಗಂಧಕ ಇದೆ. ಅದು ಬೆಳ್ಳಿಯ ಜೊತೆ ಕೂಡಿ ತೆಳು ಪದರ ಆಗುತ್ತದೆ. ಮೊದಲು ತಿಳಿ ಹಳದಿ, ಆಮೇಲೆ ಕಂದು, ನೀಲಿ, ಕೊನೆಗೆ ಕಪ್ಪು. ಬಟ್ಟೆ ಒತ್ತಿದರೆ ಬಣ್ಣ ಹತ್ತುವುದಿಲ್ಲ, ಅಕ್ಷರ ಸ್ಪಷ್ಟವಾಗಿಯೇ ಕಾಣುತ್ತದೆ. ಇದು ಕೊಳೆ ಅಲ್ಲ. ನಾಣ್ಯದ ಬೆಳ್ಳಿಯೇ ಬಣ್ಣ ಬದಲಿಸಿದ್ದು. ಇದನ್ನು ತೆಗೆದರೆ ಆ ಪದರದಲ್ಲಿರುವ ಬೆಳ್ಳಿಯನ್ನೂ ತೆಗೆದಂತೆ. ಹಳೆ ನಾಣ್ಯ ಬಲ್ಲವರು ಸಮನಾದ ಈ ಕಪ್ಪನ್ನು ಕಂಡರೆ ಮೆಚ್ಚುತ್ತಾರೆ. ಯಾರೂ ತಿಕ್ಕಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಬಿಟ್ಟುಬಿಡಿ.

ಮೂರನೆಯದು, ಹಸಿರು ಜಿಗುಟು. ಕೆಲವರು ನಾಣ್ಯಗಳನ್ನು ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಇಡುತ್ತಾರೆ. ಹೊಸ ರೇನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಇದೆಯಲ್ಲ, ಅದು ಪಿ.ವಿ.ಸಿ. ವರ್ಷಗಳು ಕಳೆದಂತೆ ಅದರಿಂದ ಎಣ್ಣೆಯಂಥ ಪಸೆಯೂ ಆಮ್ಲವೂ ಹೊರಬಂದು ನಾಣ್ಯದ ತಾಮ್ರವನ್ನು ತಿನ್ನುತ್ತವೆ. ಗೆರೆಗೆರೆಯಾಗಿ, ಮಬ್ಬಾಗಿ, ಹಸಿರು ಅಂಟು ಕಾಣುತ್ತದೆ. ಹಲ್ಲುಕಡ್ಡಿಯ ತುದಿ ಮುಟ್ಟಿಸಿದರೆ ಜಿಗಿಜಿಗಿ ಅನ್ನುತ್ತದೆ. ಇದನ್ನು ಬಿಡಬಾರದು. ಬಿಟ್ಟರೆ ತಿನ್ನುತ್ತಲೇ ಹೋಗುತ್ತದೆ.

ನಾಲ್ಕನೆಯದು, ಹಸಿರು ಗಟ್ಟಿ. ಇದು ನಾಣ್ಯದೊಳಗಿನ ತಾಮ್ರದ ಕಿಲುಬು. ತಾಮ್ರದ ಚೊಂಬಿನ ಮೇಲೆ ಬರುತ್ತದಲ್ಲ, ಅಂಥದ್ದೇ. ಅರ್ಧ ಬೆಳ್ಳಿಯ ರೂಪಾಯಿ ಮೇಲೆ ಹೆಚ್ಚು. ಪುಡಿಪುಡಿಯಾಗಿ ಇಲ್ಲವೆ ಗಟ್ಟಿ ಹಕ್ಕಳೆಯಾಗಿ ಇರುತ್ತದೆ. ಅದರ ಕೆಳಗೆ ಲೋಹ ತೂತಾಗಿರಬಹುದು. ಕೆರೆದು ತೆಗೆಯಲು ಹೋಗಬ್ಯಾಡ್ರಿ.

ಐದನೆಯದು, ಬೂದು ಮೇಣದಂಥ ಪದರ. ಬಹಳ ವರ್ಷ ಉಪ್ಪು ಮಣ್ಣಿನಲ್ಲಿ ಹೂತಿದ್ದ ಬೆಳ್ಳಿಯ ಮೇಲೆ ಬೂದು ಇಲ್ಲವೆ ಕಂದು ನೇರಳೆ ಬಣ್ಣದ ದಪ್ಪ ಪದರ ಬರುತ್ತದೆ. ಅದೂ ಬೆಳ್ಳಿಯೇ, ಉಪ್ಪಿನ ಜೊತೆ ಕೂಡಿ ಬದಲಾದ ಬೆಳ್ಳಿ. ಅಕ್ಷರಗಳು ಆ ಪದರದಲ್ಲೇ ಉಳಿದಿರುತ್ತವೆ. ಪದರ ಕಿತ್ತರೆ ಅಕ್ಷರವೂ ಕಿತ್ತುಬರುತ್ತದೆ. ಮನೆಯಲ್ಲಿ ಮುಟ್ಟಲೇಬಾರದು.

ಆರನೆಯದು, ಬಿಳಿ ಚುಕ್ಕೆ. ಬೋರಿನ ಗಡಸು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಸುಣ್ಣದ ಕಲೆ ಉಳಿಯುತ್ತದೆ. ಇದು ನಾವೇ ಹಚ್ಚಿದ ಕೊಳೆ. ಎಳೆಯದಾಗಿದ್ದರೆ ಶುದ್ಧ ನೀರಲ್ಲಿ ನೆನೆಸಿದಾಗ ಸ್ವಲ್ಪ ಬಿಡುತ್ತದೆ. ಹಳೆಯದು ಬಿಡದಿದ್ದರೆ ಲಿಂಬೆರಸ ಹಾಕಬ್ಯಾಡ್ರಿ, ಹಾಗೇ ಇರಲಿ.

ಯಾವುದನ್ನು ಹಚ್ಚಬಾರದು?

ಬೂದಿ, ಇಟ್ಟಿಗೆ ಪುಡಿ, ಹಲ್ಲುಪುಡಿ, ಟೂತ್‌ಪೇಸ್ಟ್, ಪಾತ್ರೆ ತಿಕ್ಕುವ ಪೌಡರ್, ತೆಂಗಿನ ನಾರು, ತಂತಿ ಉಂಡೆ, ಇವೆಲ್ಲ ಬೆಳ್ಳಿಯನ್ನು ಗೀರುತ್ತವೆ. ಬೆಳ್ಳಿ ಮೆತ್ತನೆಯ ಲೋಹ. ಕಣ್ಣಿಗೆ ಕಾಣದ ಸಾವಿರ ಗೀರು ಬಿದ್ದಾಗ ನಮಗೆ ಅದು ಹೊಳಪು ಅಂತ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡುವವನಿಗೆ ಗೀರೇ ಕಾಣುತ್ತದೆ. ಟಂಕಸಾಲೆಯಲ್ಲಿ ಅಚ್ಚು ಹೊಡೆದಾಗ ಬರುವ ಹೊಳಪು ಬೇರೆ, ತಿಕ್ಕಿದ ಹೊಳಪು ಬೇರೆ. ಮೊದಲಿನದು ಒಮ್ಮೆ ಹೋದರೆ ಯಾವ ಪತ್ತಾರನೂ ಮರಳಿ ತರಲಾರ.

ಹುಣಸೆಹಣ್ಣು, ಲಿಂಬೆ, ವಿನೆಗರ್ ಹುಳಿ ಪದಾರ್ಥಗಳು. ಅವು ನಾಣ್ಯದೊಳಗಿನ ತಾಮ್ರವನ್ನು ಕರಗಿಸುತ್ತವೆ. ಅಂಗಡಿಯಲ್ಲಿ ಸಿಗುವ ಬೆಳ್ಳಿ ತೊಳೆಯುವ ದ್ರಾವಣವೂ ಕಪ್ಪಿನ ಪದರವನ್ನೇ ಕರಗಿಸುತ್ತದೆ. ಬಿಸಿ ನೀರಿಗೆ ಸೋಡಾ ಹಾಕಿ ಅಲ್ಯುಮಿನಿಯಂ ಹಾಳೆಯ ಮೇಲೆ ಇಡುವ ಉಪಾಯ ಇದೆಯಲ್ಲ, ಅದು ದಿನ ಬಳಸುವ ಬೆಳ್ಳಿ ಲೋಟಕ್ಕೆ ಸರಿ. ನಾಣ್ಯಕ್ಕೆ ಮಾಡಿದರೆ ಮೇಲ್ಮೈ ಮಂಕಾಗಿ, ಜೀವ ಇಲ್ಲದಂತೆ ಕಾಣುತ್ತದೆ.

ನೈಟ್ರಿಕ್ ಆಮ್ಲವಂತೂ ಬೆಳ್ಳಿಯನ್ನೇ ಕರಗಿಸುತ್ತದೆ. ಕೈ ಸುಡುತ್ತದೆ, ಅದರ ಹೊಗೆ ಎದೆಗೆ ಹೋದರೆ ಜೀವಕ್ಕೇ ಅಪಾಯ. ಮನೆಯೊಳಗೆ ತರಲೇಬ್ಯಾಡ್ರಿ. ಬೆಂಕಿಗೆ ಕಾಯಿಸುವುದೂ ಬೇಡ.

ತಿಕ್ಕಿದರೆ ಏನು ಹೋಗುತ್ತದೆ ಅಂತ ಎರಡು ಉದಾಹರಣೆ ಹೇಳುತ್ತೇನೆ. 1862 ಎಂಬ ಇಸವಿಯನ್ನು ಆ ಒಂದೇ ವರ್ಷ ಹಾಕಿದ್ದಲ್ಲ. 1874ರ ತನಕ ಟಂಕಸಾಲೆಯಲ್ಲಿ ಅದೇ ಇಸವಿ ಹೊಡೆಯುತ್ತಿದ್ದರು. ಆ ರೂಪಾಯಿಗಳಲ್ಲಿ ಬೇರೆ ಬೇರೆ ಅಚ್ಚು ಯಾವುದು ಅಂತ ಗುರುತಿಸುವುದು ಸಾಸಿವೆಗಿಂತ ಸಣ್ಣ ಚುಕ್ಕೆಗಳಿಂದ. ಇನ್ನೊಂದು, 1911ರ ಐದನೇ ಜಾರ್ಜ್ ರೂಪಾಯಿ. ದೊರೆಯ ನಿಲುವಂಗಿಯ ಮೇಲೆ ಪುಟ್ಟ ಆನೆಯ ಚಿತ್ರ ಇತ್ತು. ಸೊಂಡಿಲು ಸರಿಯಾಗಿ ಮೂಡದೆ ಅದು ಹಂದಿಯಂತೆ ಕಂಡಿತು. ಜನ ತಕರಾರು ಮಾಡಿದರು. 1912ರಲ್ಲಿ ಆನೆಯ ಚಿತ್ರ ತಿದ್ದಿದರು. ಈಗ ಆ 1911ರ ರೂಪಾಯಿಯನ್ನು ಸಂಗ್ರಹಕಾರರು ಹುಡುಕುತ್ತಾರೆ. ಇಷ್ಟು ಸಣ್ಣ ಚುಕ್ಕೆ, ಇಷ್ಟು ಸಣ್ಣ ಆನೆ ಹತ್ತು ದೀಪಾವಳಿಯ ಬೂದಿಗೆ ಉಳಿದಾವೆಯೇ? ನೀವೇ ಹೇಳ್ರಿ.

ತೊಳೆಯುವ ಬಗೆ

ಪೂಜೆಯ ಕೊಳೆ ಇದ್ದರೆ ಹೀಗೆ ಮಾಡಿರಿ.

ಬಟ್ಟಿ ಇಳಿಸಿದ ಶುದ್ಧ ನೀರು ಬೇಕು. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಬ್ಯಾಟರಿಗೆ ಹಾಕುವ ನೀರು ಅಂತಲೂ ಮಾರುತ್ತಾರೆ. ಇಲ್ಲಿ ಎಚ್ಚರ ಇರಲಿ. ಬ್ಯಾಟರಿ ನೀರು ಬೇರೆ, ಬ್ಯಾಟರಿ ಆ್ಯಸಿಡ್ ಬೇರೆ. ಡಬ್ಬಿಯ ಮೇಲಿನ ಚೀಟಿ ಓದಿಯೇ ಕೊಳ್ಳಿರಿ.

ಗಾಜಿನ ಬಟ್ಟಲಲ್ಲಿ ಉಗುರು ಬೆಚ್ಚಗಿನ ಶುದ್ಧ ನೀರು ಹಾಕಿ, ಪಾತ್ರೆ ತೊಳೆಯುವ ದ್ರವ ಸೋಪು ಒಂದೇ ಹನಿ ಬಿಡಿರಿ. ಲಿಂಬೆ ಹಾಕಿದ್ದು ಬೇಡ. ಬಟ್ಟಲ ತಳಕ್ಕೆ ಮೆತ್ತನೆ ಬಟ್ಟೆ ಹಾಸಿ ಒಂದು ಸಲಕ್ಕೆ ಒಂದೇ ನಾಣ್ಯ ಇಡಿರಿ. ನಾಲ್ಕಾರು ಹಾಕಿದರೆ ಒಂದಕ್ಕೊಂದು ಉಜ್ಜಿ ಗೀರು ಬೀಳುತ್ತದೆ. ಅರ್ಧ ತಾಸು ನೆನೆಯಲಿ. ಆಮೇಲೆ ಅಂಚು ಹಿಡಿದು ನೀರಿನಲ್ಲೇ ಮೆಲ್ಲಗೆ ಆಡಿಸಿರಿ. ಬಿಡುವ ಕೊಳೆ ತಾನೇ ಬಿಡುತ್ತದೆ. ಬಿಡದಿದ್ದರೆ ನೀರು ಬದಲಿಸಿ ಮತ್ತೆ ನೆನೆಸಿರಿ. ಎರಡು ದಿನ ಹಿಡಿದರೂ ಚಿಂತೆ ಇಲ್ಲ. ನೂರು ವರ್ಷದ ನಾಣ್ಯಕ್ಕೆ ಎರಡು ದಿನ ಯಾವ ಲೆಕ್ಕ?

ಅಕ್ಷರದ ಸಂದಿಯಲ್ಲಿ ಮೆದುವಾದ ಕುಂಕುಮ ಉಳಿದಿದ್ದರೆ ನೆನೆದ ಮರದ ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಎತ್ತಿರಿ. ಎತ್ತಬೇಕು, ಕೆರೆಯಬಾರದು. ಪಿನ್ನು, ಸೂಜಿ, ಬ್ಲೇಡು ಹತ್ತಿರ ತರಬ್ಯಾಡ್ರಿ. ಕೊನೆಗೆ ಹೊಸ ಶುದ್ಧ ನೀರಲ್ಲಿ ಎರಡು ಸಲ ಅದ್ದಿ ತೆಗೆದು, ಒಗೆದು ಮೆತ್ತಗಾದ ಹತ್ತಿ ಬಟ್ಟೆಯ ನಡುವೆ ಇಟ್ಟು ಒತ್ತಿರಿ. ಒರೆಸಬ್ಯಾಡ್ರಿ. ಒತ್ತಿದರೆ ನೀರು ಬಟ್ಟೆಗೆ ಹೋಗುತ್ತದೆ. ನೆರಳಲ್ಲಿ ಪೂರಾ ಒಣಗಿದ ಮೇಲೆಯೇ ಎತ್ತಿಡಿರಿ.

ಎಣ್ಣೆ ಜಿಡ್ಡು, ಅರಿಷಿಣದ ಹಳದಿ, ಪ್ಲಾಸ್ಟಿಕ್ಕಿನ ಹಸಿರು ಜಿಗುಟು, ಇವು ನೀರಿಗೆ ಬಿಡುವುದಿಲ್ಲ. ಇವಕ್ಕೆ ಶುದ್ಧ ಅಸಿಟೋನ್ ಬೇಕು. ಅದು ಬೆಳ್ಳಿಯನ್ನೂ ತಾಮ್ರವನ್ನೂ ಕರಗಿಸುವುದಿಲ್ಲ, ಜಿಡ್ಡನ್ನು ಮಾತ್ರ ಕರಗಿಸುತ್ತದೆ. ಲ್ಯಾಬಿನ ಸಾಮಾನು ಮಾರುವ ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಉಗುರುಬಣ್ಣ ತೆಗೆಯುವ ಸೀಸೆಯ ದ್ರವ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಬಣ್ಣ, ವಾಸನೆ, ಎಣ್ಣೆ ಬೆರೆಸಿರುತ್ತಾರೆ.

ಅಸಿಟೋನ್ ಪೆಟ್ರೋಲಿನ ಹಾಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಈ ಮಾತು ಗಟ್ಟಿಯಾಗಿ ನೆನಪಿಡಿರಿ. ಒಲೆ, ದೀಪ, ಊದಿನಕಡ್ಡಿ, ಬೀಡಿ ಯಾವುದೂ ಹತ್ತಿರ ಇರಬಾರದು. ಅಡುಗೆಮನೆ, ದೇವರಮನೆಯಲ್ಲಿ ಮಾಡಬ್ಯಾಡ್ರಿ. ಹೊರಗೆ ಪಡಸಾಲೆಯಲ್ಲಿ, ಗಾಳಿ ಆಡುವ ಕಡೆ ಮಾಡಿರಿ. ಮಕ್ಕಳನ್ನು ದೂರ ಇಡಿರಿ. ಪ್ಲಾಸ್ಟಿಕ್ ಬಟ್ಟಲು ಬೇಡ, ಕರಗೀತು. ಗಾಜಿನದೇ ಬೇಕು. ನಾಣ್ಯ ಮುಳುಗುವಷ್ಟು ಹಾಕಿ, ಗಾಜಿನ ತಟ್ಟೆ ಮುಚ್ಚಿ, ಕಾಲು ತಾಸು ಬಿಡಿರಿ. ಆಮೇಲೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ ತೆಗೆಯಿರಿ. ಯಾಕಂದ್ರ ಮೊದಲಿನದರಲ್ಲಿ ಕರಗಿದ ಜಿಡ್ಡು ಒಣಗಿದಾಗ ಮತ್ತೆ ನಾಣ್ಯದ ಮೇಲೇ ಕೂಡುತ್ತದೆ. ಉಳಿದದ್ದನ್ನು ಮೋರಿಗೆ ಸುರಿಯಬ್ಯಾಡ್ರಿ. ಮನೆಯ ಹೊರಗೆ ಬೆಂಕಿ ಇಲ್ಲದ ಕಡೆ, ಮಕ್ಕಳಿಗೆ ಎಟುಕದಂತೆ ಆರಲು ಬಿಡಿರಿ.

ಇಷ್ಟು ಮಾಡಿದ ಮೇಲೂ ಉಳಿದದ್ದು ಉಳಿಯಲಿ. ಗಟ್ಟಿ ಕಿಲುಬು ಇದ್ದರೆ ಶುದ್ಧ ನೀರಲ್ಲಿ ತೊಳೆದು, ಒಣಗಿಸಿ ಇಟ್ಟರೆ ಸಾಕು. ಬೆಲೆಬಾಳುವ ನಾಣ್ಯ ಅನಿಸಿದರೆ ನೀರನ್ನೂ ಮುಟ್ಟಿಸದೆ ತಿಳಿದವರಿಗೆ ತೋರಿಸಿರಿ. ಸರಕ್ಕೆ ಹಾಕಲು ಕೊಂಡಿ ಬೆಸೆದ ನಾಣ್ಯ ಇರುತ್ತದೆ. ನಮ್ಮ ತಾಂಡಾಗಳ ಲಂಬಾಣಿ ಅಕ್ಕಂದಿರ ಉಡುಗೆಯಲ್ಲಿ, ಒಡವೆಯಲ್ಲಿ ಇಂಥವು ಕಾಣುತ್ತವೆ. ಕೊಂಡಿಯನ್ನು ಕಿತ್ತು ಬೆಸುಗೆಯ ಗುರುತು ಉಜ್ಜಬ್ಯಾಡ್ರಿ. ಒಡವೆಯಾಗಿ ಅದಕ್ಕೆ ಅದರದೇ ಬೆಲೆ ಇದೆ. ಕಿತ್ತರೆ ಅತ್ತ ಒಡವೆಯೂ ಅಲ್ಲ, ಇತ್ತ ನಾಣ್ಯವೂ ಅಲ್ಲ.

ಓಣಿಗೆ ಬರುವ ಪಾಲಿಶಿನವರು

ಮಧ್ಯಾಹ್ನ ಗಂಡಸರು ಇಲ್ಲದ ಹೊತ್ತು ನೋಡಿ ಓಣಿಗೆ ಬರುವವರು ಇರುತ್ತಾರೆ. ಬೆಳ್ಳಿ, ಬಂಗಾರ ಫಳಫಳ ಮಾಡಿಕೊಡ್ತೀವಿ, ದುಡ್ಡು ಸ್ವಲ್ಪ ಕೊಟ್ಟರೆ ಸಾಕು ಅಂತಾರೆ. ಮೊದಲು ಹಿತ್ತಾಳೆಯ ತಾಟು ತೊಳೆದು ತೋರಿಸಿ ನಂಬಿಕೆ ಹುಟ್ಟಿಸುತ್ತಾರೆ. ಆಮೇಲೆ ಒಡವೆಯನ್ನು ದ್ರವದಲ್ಲಿ ಅದ್ದುತ್ತಾರೆ. ಆ ದ್ರವ ಆಮ್ಲ ಆಗಿದ್ದರೆ ಲೋಹ ಅದರೊಳಗೆ ಕರಗುತ್ತದೆ. ಅವರು ದ್ರವವನ್ನು ಜೊತೆಗೇ ಒಯ್ಯುತ್ತಾರೆ. ಒಡವೆ ಹೊಳೆಯುತ್ತದೆ, ತೂಕ ಇಳಿದಿರುತ್ತದೆ. ಅದಲುಬದಲು ಮಾಡುವವರೂ ಉಂಟು. ಯಾರೇ ಬರಲಿ, ಬೇಡ ಅಂತ ಒಂದೇ ಮಾತು ಹೇಳಿ ಬಾಗಿಲು ಹಾಕಿರಿ. ಬೆಳ್ಳಿ ಹೊರಗೆ ತೆಗೆಯಲೇಬ್ಯಾಡ್ರಿ.

ಫೋನಿನಲ್ಲಿ ಬರುವ ಮೋಸ ಇನ್ನೊಂದು. ನಿಮ್ಮ ಹಳೆ ನಾಣ್ಯಕ್ಕೆ ಲಕ್ಷ ಲಕ್ಷ ಕೊಡ್ತೀವಿ, ಮೊದಲು ತೆರಿಗೆ ಅಂತ, ಕಮಿಷನ್ ಅಂತ ಇಷ್ಟು ಹಣ ಹಾಕಿರಿ ಅಂತಾರೆ. ರಿಸರ್ವ್ ಬ್ಯಾಂಕಿನ ಹೆಸರೂ ಹೇಳುತ್ತಾರೆ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ 2021ರಲ್ಲಿ ಅದೇ ಎಚ್ಚರಿಕೆ ಕೊಟ್ಟಿದೆ. ಖರೆ ಹೇಳಬೇಕಂದ್ರ, ರಾಣಿ ಛಾಪಿನ, ರಾಜನ ಛಾಪಿನ ರೂಪಾಯಿಗಳನ್ನು ಕೋಟಿಗಟ್ಟಲೆ ಹೊಡೆದಿದ್ದಾರೆ. ಹೆಚ್ಚಿನವಕ್ಕೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚು ಸಿಕ್ಕೀತು, ಅಷ್ಟೇ. ಕೆಲವು ಮಾತ್ರ ಅಪರೂಪ. 1939ರ ಇಸವಿಯ ರೂಪಾಯಿ ಅಂಥದ್ದು. ಅದಕ್ಕೇ ಅದರ ನಕಲಿಯೂ ಬಹಳ. ಮಾರುವ ಪ್ರಸಂಗ ಬಂದರೆ ಒಬ್ಬರನ್ನೇ ನಂಬದೆ ಎರಡು ಮೂರು ಸರಾಫರ ಹತ್ತಿರ ಕೇಳಿರಿ. ಮುಂಚೆ ಮನೆಯಲ್ಲೇ ಇಸವಿ ಬರೆದಿಟ್ಟು, ತೂಕ ಗೊತ್ತು ಮಾಡಿಕೊಂಡು ಹೋಗಿರಿ.

ನೆಲದಲ್ಲಿ ಸಿಕ್ಕರೆ

ಹೊಲ ಉಳುವಾಗ, ಹಳೆ ಗೋಡೆ ಕೆಡವುವಾಗ ಗಡಿಗೆಯೋ ಗಂಟೋ ಸಿಗುವುದು ಉಂಟು. ಅದನ್ನು ತೊಳೆಯಬ್ಯಾಡ್ರಿ, ಹಂಚಿಕೊಳ್ಳಬ್ಯಾಡ್ರಿ. 1878ರ ನಿಧಿ ಕಾಯ್ದೆಯ ಪ್ರಕಾರ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಬಚ್ಚಿಟ್ಟರೆ ಅಪರಾಧ. ತಿಳಿಸಿದವನಿಗೆ ಕಾಯ್ದೆಯಲ್ಲಿ ಪಾಲಿನ ಮಾತೂ ಇದೆ. ಮಣ್ಣನ್ನು ಹಾಗೇ ಬಿಡಿರಿ. ಯಾವ ಗಡಿಗೆಯಲ್ಲಿ, ಎಷ್ಟು ಆಳದಲ್ಲಿ, ಯಾವ ನಾಣ್ಯದ ಜೊತೆ ಯಾವುದು ಇತ್ತು ಎಂಬುದೇ ನಮ್ಮ ಊರಿನ ಚರಿತ್ರೆ. ತೊಳೆದ ಕೂಡಲೇ ಆ ಚರಿತ್ರೆ ನೀರಿನ ಜೊತೆ ಹರಿದುಹೋಗುತ್ತದೆ. ಮತ್ತೊಂದು ಮಾತು, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಪರದೇಶಕ್ಕೆ ಕಳಿಸುವಂತಿಲ್ಲ.

ಇಡುವ ಬಗೆ

ಸರಿಯಾಗಿ ಇಟ್ಟರೆ ತೊಳೆಯುವ ಪ್ರಸಂಗವೇ ಬರುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕಬೇಡಿ, ಗಂಧಕದಿಂದ ಕಪ್ಪು ಪಟ್ಟಿ ಬೀಳುತ್ತದೆ. ವರ್ತಮಾನ ಪತ್ರಿಕೆಯಲ್ಲಿ ಸುತ್ತಬೇಡಿ. ಉಣ್ಣೆ ಬಟ್ಟೆ ಬೇಡ. ಮೆತ್ತನೆ ವಾಸನೆ ಪ್ಲಾಸ್ಟಿಕ್ ಬೇಡ. ನಾಣ್ಯಕ್ಕೆಂದೇ ಸಿಗುವ, ಪಿ.ವಿ.ಸಿ. ಅಲ್ಲದ ಬಿರುಸು ಪ್ಲಾಸ್ಟಿಕ್ಕಿನ ಪಾಕೀಟು ಒಳ್ಳೇದು. ಅದು ಸಿಗದಿದ್ದರೆ ಚೆನ್ನಾಗಿ ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೇ ಬೇರೆ ಬೇರೆ ಸುತ್ತಿ, ಬಿಗಿ ಮುಚ್ಚಳದ ಗಾಜಿನ ಇಲ್ಲವೆ ಸ್ಟೀಲಿನ ಡಬ್ಬಿಯಲ್ಲಿ ಇಡಿರಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ತೇವ ಹೀರುವ ಸಣ್ಣ ಪುಡಿಕೆ ಬರುತ್ತದಲ್ಲ, ಅದನ್ನು ಒಳಗೆ ಹಾಕಿರಿ.

ಹಾಗಾದರೆ ಲಕ್ಷ್ಮೀಪೂಜೆಗೆ ಇಡಬಾರದೇನು ಅಂತ ತಾಯಂದಿರು ಕೇಳಬಹುದು. ಇಡ್ರಿ, ಅವಶ್ಯ ಇಡ್ರಿ. ಆದರೆ ಅರಿಷಿಣ ಕುಂಕುಮ ಹಚ್ಚಲು, ಹಾಲಲ್ಲಿ ಅದ್ದಲು ಪೂರಾ ಸವೆದ ಒಂದು ರೂಪಾಯಿ ಬೇರೆ ಮಾಡಿರಿ. ಉಳಿದವುಗಳ ಕೆಳಗೆ ವೀಳ್ಯದೆಲೆ ಇಟ್ಟು, ಕುಂಕುಮವನ್ನು ಎಲೆಗೆ ಹಚ್ಚಿರಿ. ಪೂಜೆ ಮುಗಿದ ದಿನವೇ ಎತ್ತಿಡಿರಿ. ಭಕ್ತಿಗೆ ಕೊರತೆ ಇಲ್ಲ, ಬೆಳ್ಳಿಗೆ ಸವೆತ ಇಲ್ಲ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ನೀವು ಬರೆಯುವ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಇದಕ್ಕೆ ಇಡಿರಿ. ನಾಲ್ಕು ಕಾಲಮು ಗೆರೆ ಹೊಡೆಯಿರಿ. ನಾಣ್ಯದ ಇಸವಿ, ಯಾರ ಮುಖ, ತೂಕ ಎಷ್ಟು, ಯಾರಿಂದ ಬಂತು. ಉದಾಹರಣೆಗೆ, 1907, ಎಡ್ವರ್ಡ್, 11.5 ಗ್ರಾಂ, ತವರಿನಿಂದ ಅವ್ವ ಕೊಟ್ಟದ್ದು. ನಾಳೆ ಅಕ್ಕ ತಂಗಿಯರ ನಡುವೆ ಹಂಚಿಕೆ ಬಂದರೆ, ಆಸ್ಪತ್ರೆ ಖರ್ಚಿಗೆ ಮಾರುವ ಪ್ರಸಂಗ ಬಂದರೆ ಈ ಹಾಳೆ ನಿಮ್ಮ ಕೈ ಹಿಡಿಯುತ್ತದೆ. ಆ ನಾಲ್ಕನೆಯ ಕಾಲಮಿನ ಮಾತು ಯಾವ ಸರಾಫನ ಹತ್ತಿರವೂ ಇಲ್ಲ, ನಿಮ್ಮ ಹತ್ತಿರ ಮಾತ್ರ ಇದೆ. ನೀವು ಬರೆದರೇನೇ ಮಕ್ಕಳಿಗೆ ಸಿಗುತ್ತದೆ.

ಮೇಲೆ ಕೂತ ಕೊಳೆ ತೆಗೆಯಿರಿ. ಬೆಳ್ಳಿಯೇ ಆದ ಕಪ್ಪು ಬಿಡಿರಿ. ಅನುಮಾನ ಬಂದರೆ ಕೈ ಹಚ್ಚಬ್ಯಾಡ್ರಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.